ಸಿಂಗಲ್ ಹ್ಯಾಂಡ್ ಗಾಡಿ

ಕಟಿಂಗ್ ಮಾಸ್ಟರು ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. ಸ್ಕೂಟರ್ ಇಲ್ಲ ಅಂತಲ್ಲ, ಇದೆ ಅಂತಲೇ ನಡೆಯುತ್ತಿದ್ದರು. ದಿನವಿಡೀ ಹೊಲಿಗೆ ಅಂಗಡಿಯ ಮುಂದೆ ನಿಲ್ಲಿಸಿದರೆ ಅದಕ್ಕೆ ಬಿಸಿಲು ಹೊಡೆಯುತ್ತದೆ, ಧೂಳು ಕೂರುತ್ತದೆ, ಪಕ್ಕದ ಗಾಡಿಯ ಹ್ಯಾಂಡಲ್ ತಾಗಿ ಗೀರು ಬೀಳುತ್ತದೆ. ಪ್ಯಾಂಟಿನ ಅಳತೆ ಕೊಡಲು ಬಂದವರು ಅದರ ಸೀಟಿನ ಮೇಲೆ ಕೂತು ಹರಟೆ ಹೊಡೆಯುತ್ತಾರೆ. ಪಾಪದ ಗಾಡಿಗೆ ಇಷ್ಟೆಲ್ಲ ಕಷ್ಟ ಯಾಕೆ ಎಂದು ಅದನ್ನು ಮನೆಯಲ್ಲಿ ಬಿಟ್ಟು, ಕುತ್ತಿಗೆಗೆ ಟೇಪು ಹಾಕಿಕೊಂಡು, ಊಟದ ಡಬ್ಬಿ ಹಿಡಿದು, ಬೆವರು ಒರೆಸಿಕೊಳ್ಳುತ್ತ ಮಾಸ್ಟರು ಹೊರಡುತ್ತಿದ್ದರು. ದಾರಿಯಲ್ಲಿ ಯಾರಾದರೂ "ಏನ್ ಮಾಸ್ಟರೇ, ಗಾಡಿ ರಿಪೇರಿಗೆ ಬಂದಿದ್ಯಾ?" ಎಂದರೆ ಮೈಯೆಲ್ಲ ಉರಿದುಹೋಗುತ್ತಿತ್ತು.

"ನನ್ ಗಾಡಿ ಯಾಕ್ರೀ ರಿಪೇರಿಗೆ ಬರುತ್ತೆ? ಅದು ಮನೇಲಿ ಆರಾಮಾಗಿದೆ" ಎಂದು ಹೇಳಿ ಇನ್ನೂ ಜೋರಾಗಿ ಹೆಜ್ಜೆ ಹಾಕುತ್ತಿದ್ದರು.

ಆರಾಮಾಗಿತ್ತೇನೋ ನಿಜ. ಮನೆಯ ಮುಂದಿನ ತಗಡಿನ ಚಪ್ಪರದ ಕೆಳಗೆ ಕೋಟು ತೊಟ್ಟು ನಿಂತಿರುತ್ತಿತ್ತು. ಅದನ್ನು ಕವರ್ ಎಂದು ಕರೆದರೆ ಮಾಸ್ಟರಿಗೆ ಆಗುತ್ತಿರಲಿಲ್ಲ. ಕೋಟಿನ ಒಳಬಟ್ಟೆಗೆಂದು ತಂದು ಉಳಿದ ತುಂಡುಗಳನ್ನು ಕೂಡಿಸಿ, ಟೇಪು ಹಿಡಿದು ಗಾಡಿಯ ಭುಜ, ಎದೆ, ಸೊಂಟ ಎಲ್ಲದರ ಅಳತೆ ತೆಗೆದು, ಅವರೇ ಕತ್ತರಿಸಿ ಹೊಲಿದದ್ದು. ಎರಡು ಕನ್ನಡಿಗಳಿಗೆ ಎರಡು ತೋಳು, ಹ್ಯಾಂಡಲ್ಲಿಗೆ ಕಾಲರ್, ಹಿಂದುಗಡೆ ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ಗುಂಡಿಗಳು. ಊರಿನ ಎಷ್ಟೋ ಮದುಮಕ್ಕಳಿಗೆ ಅಷ್ಟು ಚೆನ್ನಾಗಿ ಕೂರುವ ಕೋಟು ಸಿಕ್ಕಿರಲಿಲ್ಲ.

ಒಳಗಿದ್ದ ಗಾಡಿಯಾದರೋ ಕಂಪನಿಯವರು ಮಾಡುವುದರಲ್ಲೆಲ್ಲ ಅಗ್ಗದ್ದು. ಗುಂಡಿ ಒತ್ತಿದರೆ ಶುರುವಾಗುವ ಸುಖ ಅದರಲ್ಲಿರಲಿಲ್ಲ, ಕಿಕ್ ಹೊಡೆಯಬೇಕು. ಶೋರೂಮಿನಲ್ಲಿ ಮಾರುವವನು ಬೇರೆ ಬೇರೆ ಗಾಡಿ ತೋರಿಸುತ್ತಿದ್ದರೂ ಮಾಸ್ಟರು ಈ ಕಡುನೀಲಿಯದರ ಮುಂದೆಯೇ ನಿಂತು, ಬಟ್ಟೆಯ ಗುಣ ನೋಡುವವರಂತೆ ಬಣ್ಣದ ಮೇಲೆ ಹೆಬ್ಬೆರಳು ಸವರಿ, "ಇದೇ ಇರಲಿ" ಎಂದಿದ್ದರು. ಅಂದಿನಿಂದ ರಜೆಯ ದಿನ ಬಂತೆಂದರೆ ಅದರ ಸೇವೆಯೇ ಸೇವೆ. ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜುವುದು, ಆಯಿಲ್ ಕಡ್ಡಿ ಎಳೆದು ಬೆಳಕಿಗೆ ಹಿಡಿದು ನೋಡುವುದು, ಚಕ್ರದ ಸಂದಿಗೆಲ್ಲ ಹಳೆಯ ಹಲ್ಲುಜ್ಜುವ ಬ್ರಷ್ ತೂರಿಸುವುದು. ಆಮೇಲೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು. ಆ ಸುತ್ತಿನಲ್ಲಿ ಸೈಕಲ್ಲಿನವರು ಬೆಲ್ ಹೊಡೆದು ಇವರನ್ನು ದಾಟಿ ಹೋಗುತ್ತಿದ್ದರು. ಬ್ರೇಕ್ ಹಿಡಿದರೆ ಚಕ್ರದೊಳಗಿನ ಬ್ರೇಕ್ ಶೂ ತೇಯುತ್ತದೆ ಎಂದು ಮಾಸ್ಟರು ತಿರುವು ಇನ್ನೂ ದೂರ ಇರುವಾಗಲೇ ವೇಗ ಇಳಿಸಿಬಿಡುತ್ತಿದ್ದರು. ಇಳಿಸಲು ವೇಗ ಎಲ್ಲಿತ್ತು ಎಂಬುದು ಬೇರೆ ಮಾತು.

ಸುತ್ತು ಮುಗಿಸಿ ಬಂದು ಗಾಡಿಗೆ ಕೋಟು ತೊಡಿಸುವಾಗ ಮಾಸ್ಟರು ಹೇಳುತ್ತಿದ್ದ ಮಾತು ಒಂದೇ.

"ನೋಡು, ಗಾಡಿ ಅಂದ್ರೆ ಒಂದೇ ಕೈಗೆ ಒಗ್ಗಿರ್ಬೇಕು. ಕೈ ಬದಲಾಯ್ತು ಅಂದ್ರೆ ಇಂಜಿನ್ ಕೆಟ್ಟಿತು ಅಂತಲೇ ಲೆಕ್ಕ. ಇದು ಪಕ್ಕಾ ಸಿಂಗಲ್ ಹ್ಯಾಂಡ್ ಗಾಡಿ."

ಈ ಮಾತು ಬಂದಾಗಲೆಲ್ಲ ಅವರ ಹೆಂಡತಿಗೆ ಗೋಡೆಯ ಕಡೆ ಏನೋ ಕೆಲಸ ಬೀಳುತ್ತಿತ್ತು.

ಬೀಳದೆ ಏನು? ಮಾಸ್ಟರು ರಸ್ತೆಯ ತಿರುವು ದಾಟಿ ಮರೆಯಾಗುತ್ತಿದ್ದಂತೆ ಕೋಟಿನ ಗುಂಡಿ ಬಿಚ್ಚುತ್ತಿದ್ದವಳು ಅವಳೇ.

ಅವಳನ್ನು ಎಲ್ಲರೂ ಕರೆಯುತ್ತಿದ್ದುದು ನರ್ಸಮ್ಮ ಎಂದು. ಮೊದಲು ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದಳು. ಅತ್ತೆಯ ಮಂಡಿನೋವು ಹೆಚ್ಚಿದ ಮೇಲೆ ಇಡೀ ದಿನದ ಕೆಲಸ ಬಿಟ್ಟು, ಡಾಕ್ಟರು ಹೇಳಿದ ಮನೆಗಳಿಗೆ ಹೋಗಿ ಡ್ರೆಸಿಂಗ್ ಮಾಡುವುದು, ಇಂಜೆಕ್ಷನ್ ಕೊಡುವುದು, ಹಾಸಿಗೆ ಹಿಡಿದವರ ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳುವುದು ಮಾಡುತ್ತಿದ್ದಳು. ಕೆಲಸದ ವಿಷಯ ಮಾಸ್ಟರಿಗೆ ಚೆನ್ನಾಗಿ ಗೊತ್ತು. ಹೆಂಡತಿಯ ಕೈಗುಣದ ಬಗ್ಗೆ ಅಂಗಡಿಯಲ್ಲಿ ಹೊಗಳಿಯೂ ಇದ್ದರು. ಗೊತ್ತಿಲ್ಲದ್ದು ಹೋಗುವ ಬಗೆ ಮಾತ್ರ. ಬಸ್ಸಿನಲ್ಲಿ ಹೋಗುತ್ತಾಳೆ ಎಂದುಕೊಂಡಿದ್ದರು.

ಮೊದಮೊದಲು ಹೋಗುತ್ತಿದ್ದುದೂ ಬಸ್ಸಿನಲ್ಲೇ. ಆದ್ದರಿಂದ ಹತ್ತಿರದ ಮನೆಗಳನ್ನಷ್ಟೇ ಒಪ್ಪಿಕೊಳ್ಳುತ್ತಿದ್ದಳು. ಒಮ್ಮೆ ಡಾಕ್ಟರು ಗುಡ್ಡದ ಮೇಲಿನ ಬಡಾವಣೆಯ ಒಬ್ಬ ಅಜ್ಜನ ಹೆಸರು ಹೇಳಿದರು. ಪೋಸ್ಟ್‌ಮ್ಯಾನ್ ಆಗಿ ಜೀವಮಾನವೆಲ್ಲ ಊರಿನ ಮೆಟ್ಟಿಲು ಹತ್ತಿ ಇಳಿದವನಿಗೆ ಈಗ ಸಕ್ಕರೆ ಕಾಯಿಲೆ, ಪಾದದಲ್ಲಿ ಹುಣ್ಣು. ಎರಡು ಬಸ್ ಬದಲಿಸಿ ಆಮೇಲೆ ಗುಡ್ಡ ಹತ್ತಬೇಕೆಂದು ಕೇಳಿ ನರ್ಸಮ್ಮ ಆಗಲ್ಲ ಅಂದುಬಿಟ್ಟಳು. ಸ್ವಲ್ಪ ದಿನದ ಮೇಲೆ ಡಾಕ್ಟರು ಮಾತಿನ ನಡುವೆ ಹೇಳಿದರು: "ಆ ಅಜ್ಜನ ಕಿರುಬೆರಳು ಕಪ್ಪಾಗಿದೆ ಕಣಮ್ಮ. ತೆಗೀಬೇಕಾಗುತ್ತೇನೋ. ಅಷ್ಟು ದೂರ ಯಾರೂ ಹೋಗೋಕೆ ಒಪ್ಪಲ್ಲ."

ಯಾರೂ ಎಂಬುದರಲ್ಲಿ ತಾನೂ ಇದ್ದೇನೆ ಎಂಬುದು ಅವಳಿಗೆ ಸೂಜಿಯಂತೆ ಚುಚ್ಚಿತು. ಮನೆಗೆ ಬಂದು ನೋಡಿದರೆ ಚಪ್ಪರದ ಕೆಳಗೆ ಮಹಾರಾಜರು ಕೋಟು ತೊಟ್ಟು ನಿಂತಿದ್ದಾರೆ. ಮದುವೆಗೆ ಮುಂಚೆ ಅಣ್ಣನ ಮೊಪೆಡ್ ಓಡಿಸಿ ಊರೆಲ್ಲ ಸುತ್ತಿದವಳು ಅವಳು. ಲೈಸೆನ್ಸ್ ಬೀರುವಿನಲ್ಲಿ ಬಟ್ಟೆಯ ಕೆಳಗೆ ಬೆಚ್ಚಗೆ ಮಲಗಿತ್ತು. ಗಾಡಿ ಬಂದ ಹೊಸದರಲ್ಲೇ ಗಂಡನನ್ನು ಕೇಳಿಯೂ ಇದ್ದಳು. "ಅದು ಮೊಪೆಡ್ಡು, ಇದು ಸ್ಕೂಟರ್ರು. ಇದು ಬಹಳ ಸೂಕ್ಷ್ಮ" ಎಂದು ಮಾಸ್ಟರು ಮಗುವಿಗೆ ಹೇಳುವ ಹಾಗೆ ಹೇಳಿದ್ದರು. ಆ ದಿನ ಅವಳು ಬೀರುವಿನಿಂದ ಲೈಸೆನ್ಸನ್ನೂ ಗಾಡಿಯ ಇನ್ನೊಂದು ಕೀಲಿಯನ್ನೂ ತೆಗೆದುಕೊಂಡು ಹೊರಗೆ ಬಂದಳು.

ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಅತ್ತೆ ಅವಳ ಕೈಯಲ್ಲಿದ್ದ ಕೀಲಿ ನೋಡಿದರು, ಸ್ಕೂಟರ್ ನೋಡಿದರು, ಆಮೇಲೆ ಆಕಾಶ ನೋಡಿದರು.

"ನಾನೇನೂ ನೋಡ್ಲಿಲ್ಲಮ್ಮ" ಅಂದರು. "ಬರೋವಾಗ ನಿಧಾನ. ಈ ದರಿದ್ರ ಕೋಟಿಗೆ ಎಷ್ಟೊಂದು ಗುಂಡಿ ಇಟ್ಟಿದಾನೆ ನೋಡು, ನೀನೊಬ್ಳೇ ಹಾಕೋಷ್ಟ್ರಲ್ಲಿ ಅವನೇ ಬಂದ್ಬಿಡ್ತಾನೆ. ಕೆಳಗಿನ ಗುಂಡಿ ನಾನ್ ಹಾಕ್ತೀನಿ, ಮೇಲಿಂದು ನೀನ್ ಹಾಕು."

ಹೀಗೆ ಶುರುವಾಯಿತು. ಅಜ್ಜನ ಬೆರಳು ಉಳಿಯಿತು. ಅದು ಉಳಿದ ಸುದ್ದಿ ಹಬ್ಬಿ ಆ ಬಡಾವಣೆಯಲ್ಲೇ ಇನ್ನೂ ಮೂರ್ನಾಲ್ಕು ಮನೆಗಳವರು ಡಾಕ್ಟರಿಗೆ ಹೇಳಿ ನರ್ಸಮ್ಮನನ್ನೇ ಕರೆಸಿಕೊಂಡರು. ಡ್ರೆಸಿಂಗ್ ಚೀಲವನ್ನು ಮುಂದಿನ ಕೊಕ್ಕೆಗೆ ಸಿಕ್ಕಿಸಿ ಅವಳು ಗುಡ್ಡ ಹತ್ತುತ್ತಿದ್ದರೆ, ಮಾಸ್ಟರ ಕೈಯಲ್ಲಿ ಕೆಮ್ಮುತ್ತ ಹೋಗುತ್ತಿದ್ದ ಆ ಗಾಡಿ ಹಾಡಿಕೊಂಡು ಹೋಗುತ್ತಿತ್ತು. ಅವಳಿಗೂ ಹಾಗೇ ಅನ್ನಿಸುತ್ತಿತ್ತು. ಗಾಳಿ ಮುಖಕ್ಕೆ ಬಡಿಯುತ್ತಿದ್ದ ಆ ಹೊತ್ತಿನಷ್ಟು ಸಂತೋಷ ಅವಳಿಗೆ ದಿನದ ಬೇರೆ ಯಾವ ಹೊತ್ತಿನಲ್ಲೂ ಇರಲಿಲ್ಲ.

ಗಂಡನ ಗಾಡಿಯನ್ನು ಕದ್ದು ಓಡಿಸುವುದೇ ಒಂದು ತಪ್ಪು, ಗಂಡ ಹಾಕಿಸಿದ ಪೆಟ್ರೋಲಿನಲ್ಲಿ ಓಡಿಸಿದರೆ ಅದು ಇನ್ನೊಂದು ತಪ್ಪು ಎಂಬುದು ನರ್ಸಮ್ಮನ ನ್ಯಾಯ. ಅದಕ್ಕೆ ಗುಡ್ಡದ ಕೆಳಗಿನ ಬಂಕಿನಲ್ಲಿ ತನ್ನ ಸಂಪಾದನೆಯಿಂದಲೇ ಪೆಟ್ರೋಲ್ ಹಾಕಿಸುತ್ತಿದ್ದಳು. ಓಡಿಸಿದ್ದಕ್ಕೆ ಸರಿಯಾಗಿ ಹಾಕಿಸಿದರೂ ಎಲ್ಲೋ ಒಂದು ತೊಟ್ಟು ಕಡಿಮೆ ಬಿದ್ದಿರಬಹುದು ಎಂಬ ಅಳುಕಿನಿಂದ ಯಾವಾಗಲೂ ಒಂದು ಕೈ ಮುಂದೆಯೇ. ಅವಳ ಮನಸ್ಸಿಗೆ ಇದರಿಂದ ನೆಮ್ಮದಿ. ಆದರೆ ಆ ನೆಮ್ಮದಿ ಅಂಗಡಿಯಲ್ಲಿ ಏನು ಮಾಡುತ್ತಿದೆ ಎಂಬುದು ಅವಳಿಗೆ ಗೊತ್ತಾಗಲು ಸ್ವಲ್ಪ ಕಾಲ ಹಿಡಿಯಿತು.

ಮಾಸ್ಟರು ಪೆಟ್ರೋಲ್ ಹಾಕಿಸುವುದೂ ಒಂದು ವ್ರತವೇ. ಬಿಸಿಲೇರುವ ಮೊದಲು, ಒಂದೇ ಬಂಕಿನಲ್ಲಿ, ಟ್ಯಾಂಕಿನ ತುಟಿಯವರೆಗೆ. ಮುಂದಿನ ಸಲ ತುಂಬಿಸುವಾಗ ಮೀಟರಿನಲ್ಲಿ ಎಷ್ಟು ಓಡಿದೆ, ಈಗ ಎಷ್ಟು ಹಿಡಿಯಿತು ಎಂದು ನೋಡಿ, ಅಂಗಡಿಗೆ ಹೋಗಿ ಕಟಿಂಗ್ ಟೇಬಲ್ಲಿನ ಅಂಚಿನಲ್ಲಿ ಸೀಮೆಸುಣ್ಣದಿಂದ ಭಾಗಾಕಾರ. ಮೊದಲ ಸಲ ಉತ್ತರ ಬಂದಾಗ ತಪ್ಪಾಗಿದೆ ಎಂದು ಅಳಿಸಿದರು. ಎರಡನೆಯ ಸಲವೂ ಅಷ್ಟೇ ಬಂದಾಗ ಕನ್ನಡಕ ಒರೆಸಿಕೊಂಡರು. ಮೂರನೆಯ ಸಲ ಅಳಿಸಲಿಲ್ಲ, ಎಲ್ಲರಿಗೂ ಕಾಣಲಿ ಎಂದು ಹಾಗೇ ಬಿಟ್ಟರು. ಕಂಪನಿಯವರು ಜಾಹೀರಾತಿನಲ್ಲಿ ಧೈರ್ಯ ಮಾಡಿ ಹೇಳಿದ್ದಕ್ಕಿಂತ ಎರಡರಷ್ಟು ಮೈಲೇಜು!

ಅಷ್ಟೊಂದು ದೂರ ತಾನು ಓಡಿಸಿಯೇ ಇಲ್ಲವಲ್ಲ ಎಂದು ಅವರಿಗೆ ಯಾಕೆ ಹೊಳೆಯಲಿಲ್ಲ ಎಂದು ನೀವು ಕೇಳಬಹುದು. ಮಾಸ್ಟರಿಗೆ ಬಟ್ಟೆಯ ಅಳತೆ ಕಣ್ಣಲ್ಲೇ ಇತ್ತು, ರಸ್ತೆಯ ಅಳತೆ ಇದ್ದುದು ಸೊಂಟದಲ್ಲಿ. ಅವರು ಓಡಿಸುವ ವೇಗಕ್ಕೆ ಊರಾಚೆಯ ಕೆರೆಯವರೆಗೆ ಹೋಗಿ ಬಂದರೂ ದೇಶ ಸುತ್ತಿ ಬಂದಷ್ಟು ಸೊಂಟ ಹಿಡಿಯುತ್ತಿತ್ತು. ಮೀಟರು ಏನು ಹೇಳಿದರೂ ಅವರ ಸೊಂಟ ಹೌದು ಹೌದು ಅನ್ನುತ್ತಿತ್ತು.

"ಮಾಸ್ಟರು ರೈಲು ಬಿಡ್ತಿದಾರೆ" ಎಂದು ನಕ್ಕವನು ಅಂಗಡಿಯಲ್ಲಿ ಗುಂಡಿ ತೂರುವ ಕಾಜಾ ಹೊಲಿಯುವವನೊಬ್ಬನೇ. ಅಂಗಡಿಯ ಯಜಮಾನರು ಅವನ ಬಾಯಿ ಮುಚ್ಚಿಸಿದರು. "ಇಷ್ಟು ವರ್ಷದಲ್ಲಿ ಮಾಸ್ಟರು ಒಂದ್ ಬಟ್ಟೆ ತಪ್ಪು ಕತ್ತರಿಸಿದ್ ನೋಡಿದ್ಯೇನೋ? ಅವರ ಅಳತೆ ತಪ್ಪಲ್ಲ" ಅಂದರು. ಮಾತು ಅಲ್ಲಿಗೆ ಮುಗಿಯಿತು. ಅಳತೆ ತಪ್ಪದ ಮನುಷ್ಯ ಹೇಳಿದ ಮೈಲೇಜು ಊರಿಗೆಲ್ಲ ಹಬ್ಬಿತು. ಗುಟ್ಟು ಕೇಳಲು ಜನ ಬರತೊಡಗಿದರು. ಮಾಸ್ಟರು ಕತ್ತರಿ ಕೆಳಗಿಟ್ಟು, ಕೆಮ್ಮಿ ಗಂಟಲು ಸರಿಮಾಡಿಕೊಂಡು, ಚಕ್ರದ ಗಾಳಿ, ಬೆಳಗಿನ ತಂಪು ಪೆಟ್ರೋಲು, ಸಿಂಗಲ್ ಹ್ಯಾಂಡು ಎಂದು ಒಂದೊಂದಾಗಿ ವಿವರಿಸಿ, ಕೊನೆಗೆ "ಎಲ್ಲಕ್ಕಿಂತ ಮುಖ್ಯ ಕೋಟು. ಗಾಡಿ ಮೈ ಬೆಚ್ಚಗಿದ್ರೆ ಇಂಜಿನ್ ಹಸಿವು ಕಡಿಮೆ" ಎಂದುಬಿಟ್ಟರು. ಜನ ಅದನ್ನೂ ನಂಬಿದರು! ಗಾಡಿಗೆ ಕೋಟು ಹೊಲಿಸಲು ಅಂಗಡಿಗೆ ಗಿರಾಕಿಗಳು ಬಂದರು. ಕಾಜಾದವನು ಹಗಲೆಲ್ಲ ಸ್ಕೂಟರುಗಳ ಬೆನ್ನಿಗೆ ಕಾಜಾ ಹೊಲಿಯುತ್ತ ಹಲ್ಲು ಕಡಿಯುತ್ತಿದ್ದ.

ಈ ಸುದ್ದಿ ನರ್ಸಮ್ಮನಿಗೆ ಗೊತ್ತಾದದ್ದು ಮೆಕ್ಯಾನಿಕ್ಕಿನಿಂದ. ಪಂಕ್ಚರ್ ಹಾಕಿಸಲು ಹೋದಾಗ ಅವನು ಹಿಂದಿನ ಚಕ್ರ ಬಿಚ್ಚಿ, ಒಳಗೆ ಇಣುಕಿ, ತುಟಿ ಕಚ್ಚಿಕೊಂಡು ನಗು ತಡೆದ.

"ಮೇಡಂ, ಮಾಸ್ಟರು ಬ್ರೇಕೇ ಹಿಡಿಯಲ್ಲ ಅಂತ ಊರಿಗೆಲ್ಲ ಪಾಠ ಹೇಳ್ತಾರೆ. ಶೂ ನೋಡಿದ್ರೆ ಪೂರ್ತಿ ತೇಯ್ದಿದೆ. ಗುಡ್ಡ ಇಳಿಯೋವ್ರ ಗಾಡಿ ತರ ಇದೆ."

"ಹೊಸದು ಹಾಕಪ್ಪ" ಎಂದಳು ಅವಳು, ನೆಲ ನೋಡುತ್ತ.

ಅವನು ಹೊಸದು ಹಾಕಿದ. ಮೈಲೇಜಿನ ಕಥೆಯನ್ನೂ ಕೋಟುಗಳ ಕಥೆಯನ್ನೂ ಹೇಳಿದ. ಅವಳು ದಾರಿಯುದ್ದಕ್ಕೂ ನಕ್ಕಳು. ಮನೆಗೆ ಬಂದು ಅತ್ತೆಗೆ ಹೇಳಿದರೆ ಅವರು ಕೆಳಗಿನ ಗುಂಡಿ ಹಾಕುತ್ತ ಹಾಕುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ಇಳಿದ ಮೇಲೆ ಅವಳಿಗೆ ಅರ್ಥವಾಯಿತು: ತಾನು ಪ್ರಾಮಾಣಿಕಳಾಗಿರಲು ಹೋಗಿ ಗಂಡನನ್ನು ಊರಿಗೆಲ್ಲ ಸುಳ್ಳುಗಾರನನ್ನಾಗಿ ಮಾಡಿದ್ದಳು.

ಒಂದು ಸಲ ಸರಿಪಡಿಸಲೂ ನೋಡಿದಳು. ಪೆಟ್ರೋಲ್ ಹಾಕಿಸದೆ ಸುಮ್ಮನಿದ್ದಳು. ಆ ಸಲ ಮಾಸ್ಟರು ಬಂಕಿನಿಂದ ಬಂದ ಮುಖ ನೋಡಲಾಗುತ್ತಿರಲಿಲ್ಲ. ಮೈಲೇಜು ಧಡಕ್ಕೆಂದು ಬಿದ್ದಿತ್ತು. ಪ್ಲಗ್ ಬಿಚ್ಚಿದರು, ಕಾರ್ಬುರೇಟರ್ ತೊಳೆದರು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಇಂಜಿನ್ ಮುಟ್ಟಿ ಮುಟ್ಟಿ ನೋಡಿದರು. ಬಡಿಸಿದ್ದನ್ನು ಹಾಗೇ ಬಿಟ್ಟು ಎದ್ದರು. "ಏನೋ ಆಗಿದೆ ಕಣೇ ಅದಕ್ಕೆ. ನಾನೇ ಸರಿಯಾಗಿ ನೋಡ್ಕೊಳ್ಲಿಲ್ಲ" ಎಂದಾಗ ಅವರ ದನಿ ಒಡೆದಿತ್ತು. ಅವಳಿಗೆ ತಡೆಯಲಾಗಲಿಲ್ಲ. ಮತ್ತೆ ಮೊದಲಿನಂತೆಯೇ ಪೆಟ್ರೋಲ್ ಹಾಕಿಸತೊಡಗಿದಳು. ಮೈಲೇಜು ಚೇತರಿಸಿಕೊಂಡಿತು, ಮಾಸ್ಟರೂ ಚೇತರಿಸಿಕೊಂಡರು.

ಹಾಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಯಜಮಾನರಿಗೆ ಆಸೆ ಹುಟ್ಟಿತು.

ಯಜಮಾನರದು ದೊಡ್ಡ ಮೋಟರ್ ಬೈಕು. ಒಂದು ಸಲ ಗುಡುಗಿದರೆ ಬೀದಿನಾಯಿಗಳೆಲ್ಲ ಎದ್ದು ದಾರಿ ಬಿಡುತ್ತಿದ್ದವು. ಕೊಳ್ಳುವಾಗ ಇದ್ದ ಹುಮ್ಮಸ್ಸು ಬೆನ್ನುನೋವು ಬಂದ ಮೇಲೆ ಇರಲಿಲ್ಲ. ಅದರ ಹೊಟ್ಟೆಗೆ ಎಷ್ಟು ಸುರಿದರೂ ಸಾಲದು. ಒಂದು ದಿನ ಕಟಿಂಗ್ ಟೇಬಲ್ಲಿನ ಅಂಚಿನ ಲೆಕ್ಕವನ್ನೇ ನೋಡುತ್ತ ನಿಂತು ಕೇಳಿದರು: "ಮಾಸ್ಟರೇ, ಅದಲು ಬದಲು ಮಾಡ್ಕೊಳ್ಳೋಣ್ವಾ? ನನ್ನ ಬೈಕು ನಿಮಗೆ, ನಿಮ್ಮ ಸ್ಕೂಟರು ನಂಗೆ. ಮೇಲೆ ಏನೂ ಕೊಡ್ಬೇಡಿ."

ಅಂದು ಊಟಕ್ಕೆ ಕೂತಾಗ ಮಾಸ್ಟರಿಗೆ ಕಾಲು ನೆಲದ ಮೇಲೆ ಇರಲಿಲ್ಲ.

"ಅಂಥಾ ಬೈಕು! ಯಜಮಾನ್ರೇ ಬಾಯ್ಬಿಟ್ಟು ಕೇಳಿದ್ರು. ನನ್ನ ಕೈಯಲ್ಲಿ ಅದೂ ಎಂಥಾ ಮೈಲೇಜ್ ಕೊಡುತ್ತೆ ನೋಡು. ರಜೆ ದಿನ ಬೆಳಗ್ಗೆ ಅಂಗಡಿ ಮುಂದೆ ಪರೀಕ್ಷೆ ಇಟ್ಕೊಂಡಿದೀವಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಂದು ಲೀಟರ್ ಅಳತೆ ಮಾಡಿ ಹಾಕೋದು. ನಿಲ್ಲೋವರ್ಗೂ ಓಡಿಸೋದು. ಯಜಮಾನ್ರು ಹಿಂದೆ ಕೂತಿರ್ತಾರೆ. ಎಲ್ಲರ ಬಾಯೂ ಮುಚ್ಚುತ್ತೆ."

ಯಜಮಾನರ ಬೈಕನ್ನು ನರ್ಸಮ್ಮ ನೋಡಿದ್ದಳು. ಓಡಿಸುವುದಿರಲಿ, ಸ್ಟ್ಯಾಂಡಿನಿಂದ ಇಳಿಸಲು ಇಬ್ಬರು ಬೇಕು. ಸ್ಕೂಟರ್ ಹೋದರೆ ಗುಡ್ಡವೂ ಹೋಯಿತು, ಗುಡ್ಡದ ಮನೆಗಳೂ ಹೋದವು, ಅಜ್ಜನ ಪಾದ ಮತ್ತೆ ದೇವರಿಗೇ ಬಿಟ್ಟದ್ದು.

ಆಮೇಲೆ ಪಾತ್ರೆ ತೊಳೆಯುತ್ತ ನಿಂತಾಗ ಅವಳಿಗೆ ಇನ್ನೊಂದು ಹೊಳೆಯಿತು. ತಾನು ಏನೂ ಮಾಡಬೇಕಾಗಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಕೂತರೆ ಸಾಕು. ಒಂದು ಲೀಟರಿಗೆ ಸ್ಕೂಟರು ಎಲ್ಲ ಸ್ಕೂಟರುಗಳಷ್ಟೇ ಓಡಿ ನಿಲ್ಲುತ್ತದೆ, ಯಜಮಾನರು ಬೇಡ ಅನ್ನುತ್ತಾರೆ, ಗಾಡಿ ಮನೆಯಲ್ಲೇ ಉಳಿಯುತ್ತದೆ. ಅಷ್ಟು ಜನರ ಮುಂದೆ, ನಡುರಸ್ತೆಯಲ್ಲಿ, ಅಳತೆ ತಪ್ಪದ ಮನುಷ್ಯ ಎಂದು ಹೆಸರಾದ ತನ್ನ ಗಂಡ ಪೆಟ್ರೋಲ್ ಮುಗಿದ ಗಾಡಿ ತಳ್ಳಿಕೊಂಡು ಬರುತ್ತಾರೆ. ಅಷ್ಟೇ. ಅವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

"ಅತ್ತೆ, ಏನ್ ಮಾಡ್ಲಿ?" ಎಂದು ಕೇಳಿದಳು, ಪರೀಕ್ಷೆಯ ಹಿಂದಿನ ದಿನ.

ಅತ್ತೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ನಿಂಗೆ ಗಾಡಿ ಉಳೀಬೇಕಾ?"

"ಉಳೀಬೇಕು."

"ಹಾಗಾದ್ರೆ ಸುಮ್ನಿರು."

"ಅವರ ಮುಖ?"

"ಮುಖಕ್ಕೆ ಮಸಿ ಹೇಗಿದ್ರೂ ಇದೆಯಮ್ಮ. ಬೀದೀಲಿ ಬಳ್ಕೊಂಡ್ರೆ ಹಾಗೇ ಮನೆವರೆಗೂ ನಡ್ಕೊಂಡು ಬರ್ಬೇಕು. ಮನೇಲಿ ಬಳ್ಕೊಂಡ್ರೆ ತೊಳ್ಕೊಳ್ಳೋಕೆ ನೀರಾದ್ರೂ ಇರುತ್ತೆ." ಅವರು ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿದರು. "ಹೇಳಿದ್ರೆ ಸಿಟ್ಟಲ್ಲಿ ಗಾಡಿ ಕೊಟ್ಟೇಬಿಟ್ಟಾನು, ಅದೂ ಇದೆ. ಅವನು ನನ್ನ ಮಗ, ನಂಗೊತ್ತು. ನೋಡು, ನಿನ್ನಿಷ್ಟ."

ಸಂಜೆ ಮಾಸ್ಟರು ಚಪ್ಪರದ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಗಾಡಿಯ ಹೊಟ್ಟೆ ಒರೆಸುತ್ತಿದ್ದರು. ಬೀಳ್ಕೊಡುವ ಮಗಳಿಗೆ ಸಿಂಗಾರ ಮಾಡುವವರ ಹಾಗೆ ಮುಖದಲ್ಲಿ ಹೆಮ್ಮೆಯೂ ಇತ್ತು, ದುಃಖವೂ ಇತ್ತು. ನರ್ಸಮ್ಮ ಬಂದು ಮೆಟ್ಟಿಲ ಮೇಲೆ ನಿಂತಳು.

"ರೀ, ನಾಳೆ ಪರೀಕ್ಷೆ ಬೇಡ."

"ಯಾಕೆ? ಹೆದ್ರಿಕೆನಾ? ಏನೂ ಆಗಲ್ಲ, ನೋಡ್ತಿರು."

"ಅದು ಅಷ್ಟು ಮೈಲೇಜ್ ಕೊಡಲ್ಲರೀ. ಗಾಡಿ ನಾನೂ ಓಡಿಸ್ತೀನಿ. ಪೆಟ್ರೋಲ್ ನಾನೂ ಹಾಕಿಸ್ತೀನಿ."

ಮಾಸ್ಟರ ಕೈ ನಿಂತಿತು. ಬಟ್ಟೆ ಇಂಜಿನ್ನಿನ ಮೇಲೆ ಹಾಗೇ ಉಳಿಯಿತು.

"ಯಾವಾಗಿಂದ?"

"ಪೋಸ್ಟ್‌ಮ್ಯಾನ್ ಅಜ್ಜನ ಕಾಲು ಕೆಟ್ಟಾಗಿಂದ. ದಿನಾ ಗುಡ್ಡಕ್ಕೆ ಹೋಗ್ತೀನಿ."

"ಗುಡ್ಡಕ್ಕೆ?" ಮಾಸ್ಟರು ಗಾಡಿಯನ್ನು ನೋಡಿದರು, ಅದೂ ಇಷ್ಟು ದಿನ ತಮ್ಮಿಂದ ಮುಚ್ಚಿಟ್ಟಿತು ಎಂಬಂತೆ. "ಇದು ಗುಡ್ಡ ಹತ್ತುತ್ತಾ?"

"ಚೆನ್ನಾಗಿ ಹತ್ತುತ್ತೆ."

"ಎಷ್ಟ್ ಹಾಕಿಸ್ತಿದ್ದೆ?"

"ಓಡಿಸಿದ್ದಕ್ಕಿಂತ ಸ್ವಲ್ಪ ಜಾಸ್ತೀನೇ. ನಿಮ್ಮ ಪೆಟ್ರೋಲ್ ಒಂದ್ ತೊಟ್ಟೂ ನನ್ ಕಡೆ ಉಳೀಬಾರ್ದು ಅಂತ."

ಮಾಸ್ಟರು ಎದ್ದು ಬಂದು ಮೆಟ್ಟಿಲ ಮೇಲೆ ಕೂತರು. ತುಟಿ ಅಲುಗುತ್ತಿತ್ತು, ಮನಸ್ಸಿನಲ್ಲೇ ಕೂಡಿ ಕಳೆದು ಭಾಗಿಸುತ್ತಿದ್ದರು. ಉತ್ತರ ಸಿಕ್ಕ ಹೊತ್ತು ಮುಖದಲ್ಲೇ ಕಂಡಿತು.

"ಹಾಗಾದ್ರೆ ಇದು ಎಲ್ಲರ ಗಾಡಿ ತರದ್ದೇ" ಅಂದರು. ಬಾಗಿಲ ಕಡೆ ತಿರುಗಿ, "ಅಮ್ಮನಿಗೆ ಗೊತ್ತಿತ್ತಾ?"

ಒಳಗಿನಿಂದ ಅತ್ತೆ ಕೆಮ್ಮಿದರು.

"ಮೆಕ್ಯಾನಿಕ್ಕಿಗೂ ಗೊತ್ತಿರ್ಬೇಕು. ನನ್ನೊಬ್ಬನ್ನ ಬಿಟ್ಟು ಎಲ್ಲರಿಗೂ ಗೊತ್ತು. ಊರಿಗೆಲ್ಲ ಕೋಟು ಹೊಲಿಸಿದೆನಲ್ಲೇ ನಾನು! ನನ್ನ ಒಂದ್ ಮಾತು ಕೇಳ್ಬಹುದಿತ್ತಲ್ಲ?"

"ಕೇಳಿದ್ದೆ" ಎಂದಳು ಅವಳು. ಅಷ್ಟು ಹೊತ್ತೂ ಬಾರದ ಅಳು ಈಗ ಬಂತು. "ಇದು ಬಹಳ ಸೂಕ್ಷ್ಮ ಅಂದ್ರಿ. ಅಲ್ಲಿ ಅಜ್ಜನ ಕಾಲು ಕೊಳೀತಿತ್ತು, ಇಲ್ಲಿ ಗಾಡಿ ಕೋಟು ಹಾಕ್ಕೊಂಡು ನಿಂತಿತ್ತು. ನನ್ ಕೈಲಿ ಆಗ್ಲಿಲ್ಲರೀ."

ಮಾಸ್ಟರು ಎದ್ದು ಹೋಗಿ ಗಾಡಿಗೆ ಕೋಟು ತೊಡಿಸಿದರು. ಗುಂಡಿಗಳನ್ನು ಮೇಲಿನಿಂದ ಹಾಕುತ್ತ ಬಂದವರು ಕೆಳಗಿನ ಕೆಲವನ್ನು ಹಾಕದೆ ಒಳಗೆ ಹೋಗಿಬಿಟ್ಟರು. ಅವರು ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ನರ್ಸಮ್ಮ ಅದನ್ನು ಕಂಡು ಹೆದರಿದಳು.

ಬೆಳಗ್ಗೆ ಮಾಸ್ಟರು ಹೇಳಿದ್ದು ಎರಡೇ ಮಾತು. "ನೀನೂ ಬಾ." ಅವಳು ಡ್ರೆಸಿಂಗ್ ಚೀಲ ಹಿಡಿದು ಹಿಂದೆ ಕೂತಳು. ದಾರಿಯಲ್ಲಿ ಅವರು ಬಟ್ಟೆಯ ಮೇಲೆ ಗೆರೆ ಎಳೆಯುವಾಗ ಹೇಗೆ ಬಗ್ಗುತ್ತಿದ್ದರೋ ಹಾಗೆ ಹ್ಯಾಂಡಲ್ಲಿನ ಮೇಲೆ ಬಗ್ಗಿದ್ದರು. ಅವರ ಬೆನ್ನು ನೋಡುತ್ತ ಅವಳು ಒಂದು ಸಲ ಕೊಟ್ಟೇ ಬಿಡುತ್ತಾರೆ ಅಂದುಕೊಂಡಳು, ಇನ್ನೊಂದು ಸಲ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ ಅಂದುಕೊಂಡಳು.

ಅಂಗಡಿಯ ಮುಂದೆ ಆಗಲೇ ಜನ ಸೇರಿದ್ದರು. ಮೆಕ್ಯಾನಿಕ್ ಪೈಪು, ಅಳತೆಯ ಕ್ಯಾನು ತಂದು ಸಿದ್ಧವಾಗಿದ್ದ. ಕಾಜಾದವನು ರಜೆಯ ದಿನವೂ ಬಂದಿದ್ದ. ಕೋಟು ಹೊಲಿಸಿಕೊಂಡವರು ಕೆಲವರು ತಮ್ಮ ತಮ್ಮ ಗಾಡಿಗಳ ಜೊತೆ ನಿಂತಿದ್ದರು. ಯಜಮಾನರ ಬೈಕು ತೊಳೆಸಿಕೊಂಡು ಬಿಸಿಲಿಗೆ ಹೊಳೆಯುತ್ತಿತ್ತು.

"ಶುರು ಮಾಡೋಣ್ವಾ ಮಾಸ್ಟರೇ?" ಎಂದರು ಯಜಮಾನರು.

ಮಾಸ್ಟರು ಗಾಡಿಯನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿದರು. ಕುತ್ತಿಗೆಯ ಟೇಪಿನ ಎರಡೂ ತುದಿ ಹಿಡಿದುಕೊಂಡು ನಿಂತರು.

"ಬೇಡ ಯಜಮಾನ್ರೇ. ನನ್ನ ಅಳತೆ ತಪ್ಪಿದೆ."

ಆ ಅಂಗಡಿಯ ಬಾಗಿಲಲ್ಲಿ ಆ ಮಾತು ಎಂದೂ ಕೇಳಿಬಂದಿರಲಿಲ್ಲ. ಮಾಸ್ಟರೇ ಮುಂದುವರಿಸಿದರು. ನೆಪ ಹುಡುಕಲಿಲ್ಲ, ತಗ್ಗಿಸಿ ಹೇಳಲಿಲ್ಲ. "ಗಾಡಿ ನಮ್ಮನೆಯವಳೂ ಓಡಿಸ್ತಾಳೆ. ಗುಡ್ಡದ ಮೇಲೆ ಪೇಷೆಂಟ್‌ಗಳಿದಾರೆ, ದಿನಾ ಹೋಗ್ಬೇಕು. ಪೆಟ್ರೋಲ್ ಅವಳೂ ಹಾಕಿಸ್ತಿದ್ಲು. ನಾನು ನಂದಷ್ಟೇ ಲೆಕ್ಕ ಹಿಡಿದೆ. ಮೈಲೇಜು ಎಲ್ಲರದ್ದು ಎಷ್ಟೋ ಇದರದ್ದೂ ಅಷ್ಟೇ."

ಮೊದಲು ನಕ್ಕವನು ಕಾಜಾದವನು. ಆಮೇಲೆ ಇಡೀ ರಸ್ತೆ ನಕ್ಕಿತು. "ಅಂದ್ರೆ ಹೆಂಡ್ತಿ ಪೆಟ್ರೋಲ್ ಹಾಕ್ಸೋದು, ಗಂಡ ಮೈಲೇಜ್ ಹೇಳೋದು!" ಎಂದು ಯಜಮಾನರು ಹೊಟ್ಟೆ ಹಿಡಿದುಕೊಂಡರು. "ಹಾಗಾದ್ರೆ ನಮ್ಮ ಕೋಟಿನ ಗತಿ?" ಎಂದು ಯಾರೋ ಕೂಗಿದರೆ, "ಹೊಲಿದ ಬಟ್ಟೆ ವಾಪಸ್ ತಗೊಳ್ಳಲ್ಲ, ಬೋರ್ಡ್ ನೋಡಪ್ಪ" ಎಂದು ಇನ್ಯಾರೋ ಕೂಗಿದರು. ಮಾಸ್ಟರ ಕಿವಿ ಕೆಂಪಾಗಿತ್ತು. ಆದರೂ ತಲೆ ತಗ್ಗಿಸದೆ ನಿಂತಿದ್ದರು. ನರ್ಸಮ್ಮನಿಗೆ ಅವರ ಕಡೆ ನೋಡಲು ಆಗಲಿಲ್ಲ.

ನಗು ಇಳಿದ ಮೇಲೆ ಯಜಮಾನರು ಕಣ್ಣೊರೆಸಿಕೊಂಡು ಸ್ಕೂಟರಿನ ಸುತ್ತ ಒಂದು ಸುತ್ತು ಬಂದರು.

"ಮೈಲೇಜ್ ಹಾಳಾಗ್ ಹೋಗ್ಲಿ ಮಾಸ್ಟರೇ. ಇಷ್ಟು ನೀಟಾಗಿ ಇಟ್ಟಿರೋ ಗಾಡಿ ನಂಗೆ ಎಲ್ಲಿ ಸಿಗುತ್ತೆ? ಮಾತಂದ್ರೆ ಮಾತು. ಬೈಕ್ ತಗೊಳ್ಳಿ, ಇದನ್ನ ಕೊಡಿ." ಜೇಬಿನಿಂದ ಬೈಕಿನ ಕೀಲಿ ತೆಗೆದು ಮುಂದೆ ಚಾಚಿದರು.

ಮಾಸ್ಟರ ಕಣ್ಣು ಬೈಕಿನ ಮೇಲೆ ಹೋಯಿತು. ಕೈ ತಾನಾಗಿ ಮುಂದೆ ಹೋಗಿ, ಹೆಬ್ಬೆರಳು ಅದರ ಟ್ಯಾಂಕಿನ ಬಣ್ಣ ಸವರಿತು. ನಿನ್ನೆಯ ನೋವು, ಇಂದಿನ ನಗೆಪಾಟಲು, ಎಲ್ಲದಕ್ಕೂ ಆ ಕೀಲಿ ತೆಗೆದುಕೊಂಡರೆ ಒಂದು ಮುಲಾಮು ಹಚ್ಚಿದಂತಾಗುತ್ತಿತ್ತು. ಅದು ನರ್ಸಮ್ಮನಿಗೂ ಗೊತ್ತಿತ್ತು. ಅವಳು ಚೀಲವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಳು.

"ಇದು ನನ್ನೊಬ್ಬನದ್ದಲ್ಲ ಯಜಮಾನ್ರೇ, ಕೇಳ್ಬೇಕು" ಎಂದು ಮಾಸ್ಟರು ಅವಳ ಕಡೆ ತಿರುಗಿದರು. "ಏನ್ ಮಾಡೋಣ ಹೇಳು?"

ಬೈಗುಳಕ್ಕೆ, ಮೌನಕ್ಕೆ, ಮನೆಗೆ ಹೋದ ಮೇಲಿನ ಜಗಳಕ್ಕೆ ಎಲ್ಲದಕ್ಕೂ ಅವಳು ಸಿದ್ಧಳಾಗಿ ಬಂದಿದ್ದಳು. ಈ ಪ್ರಶ್ನೆಗೆ ಮಾತ್ರ ಸಿದ್ಧಳಾಗಿರಲಿಲ್ಲ. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು.

"ಕೊಡೋದ್ ಬೇಡ" ಎಂದಳು. "ನಂಗೆ ಬೇಕು ಗಾಡಿ."

"ಕೇಳಿದ್ರಲ್ಲ ಯಜಮಾನ್ರೇ?" ಎಂದರು ಮಾಸ್ಟರು. ಸ್ಕೂಟರಿನ ಕೀಲಿಯನ್ನು ಅವಳ ಕೈಗೆ ಕೊಟ್ಟರು. "ಹೋಗು, ಅಜ್ಜ ಕಾಯ್ತಿರ್ತಾನೆ."

ಅವಳು ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ ಕಿಕ್ ಹೊಡೆದಳು. ಗಾಡಿ ಒಂದೇ ಏಟಿಗೆ ಶುರುವಾಯಿತು. ಸ್ಟ್ಯಾಂಡಿನಿಂದ ಸ್ವಲ್ಪ ದಡಕ್ಕೆಂದೇ ಇಳಿಯಿತು. ಅವಳು ಆಕ್ಸಿಲರೇಟರ್ ಸ್ವಲ್ಪ ಜೋರಾಗಿಯೇ ತಿರುಗಿಸಿದಳು. ತಿರುವಿನಲ್ಲಿ ಬ್ರೇಕನ್ನೂ ಚೆನ್ನಾಗಿಯೇ ಹಿಡಿದಳು. ಕನ್ನಡಿಯಲ್ಲಿ ನೋಡಿದರೆ ಮಾಸ್ಟರು ರಸ್ತೆಯ ಮಧ್ಯಕ್ಕೆ ಬಂದು ನಿಂತಿದ್ದರು. ಒಂದು ಕೈ ಅರ್ಧ ಎದ್ದಿತ್ತು, ಹೇಳಬೇಕಾದ ಬುದ್ಧಿಮಾತೆಲ್ಲ ಗಂಟಲವರೆಗೆ ಬಂದು ಬಾಯಿ ತೆರೆದಿತ್ತು. ಅವರು ಆ ಕೈಯಿಂದಲೇ ಬಾಯಿ ಮುಚ್ಚಿಕೊಂಡರು. ಅಷ್ಟು ಕಷ್ಟದ ಕೆಲಸವನ್ನು ಅವರು ತನಗೋಸ್ಕರ ಮಾಡಿದ್ದನ್ನು ಅವಳು ಮದುವೆಯಾದ ಮೇಲೆ ನೋಡಿದ್ದು ಅದೇ ಮೊದಲು.